ಯಾರು ಯಾರಿಗೆ ಕಾಯಬೇಕು?

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳು ಸಾಲಾಗಿವೆ. ಅಲ್ಲಿ ಯಾವುದಾದರೂ ಅಂಗಡಿಗೆ ಹೋಗಿ "ಒಂದು ಒಳ್ಳೇ ಕಂಪ್ಯೂಟರ್ ಜೋಡಿಸಿಕೊಡಿ" ಎಂದು ಕೇಳಿದರೆ, ಕೆಲಸ ಬಲ್ಲವರು ಬೆಲೆ ಹೇಳುವ ಮೊದಲು ನಿಮಗೇ ಒಂದು ಪ್ರಶ್ನೆ ಹಾಕುತ್ತಾರೆ: "ಏನಕ್ಕೆ ಬೇಕಿತ್ತು?" ಓದೋದಕ್ಕಾ, ಗೇಮಿಗಾ, ವಿಡಿಯೊ ಎಡಿಟಿಂಗಿಗಾ, ಅಂಗಡಿ ಲೆಕ್ಕಕ್ಕಾ? ಉತ್ತರ ಸಿಗುವವರೆಗೆ ಅವರು ಕಪಾಟಿನಿಂದ ಒಂದು ಪೆಟ್ಟಿಗೆಯನ್ನೂ ಕೆಳಗಿಳಿಸುವುದಿಲ್ಲ.

ಮಕ್ಕಳೇ, ಆ ಪ್ರಶ್ನೆಯೊಳಗೆ ಒಳ್ಳೆಯ ವಿಜ್ಞಾನ ಅಡಗಿದೆ. ಕಂಪ್ಯೂಟರಿನ ಡಬ್ಬಿಯೊಳಗೆ ಏಳೆಂಟು ಮುಖ್ಯ ಭಾಗಗಳಿರುತ್ತವೆ. ಒಂದೊಂದರ ವೇಗ ಒಂದೊಂದು ಥರ. ಒಂದು ತನ್ನ ಪಾಲಿನ ಕೆಲಸ ಮುಗಿಸಿಕೊಡುವವರೆಗೆ ಇನ್ನೊಂದು ಕಾದು ಕೂರಬೇಕು. ನಾವು ಮಾಡಿಸುವ ಕೆಲಸ ಬೇರೆಯಾದರೆ ಕಾಯುವವರೂ ಬೇರೆಯಾಗುತ್ತಾರೆ, ಕಾಯಿಸುವವರೂ ಬೇರೆಯಾಗುತ್ತಾರೆ. ಬಿಡಿಭಾಗ ಆರಿಸುವುದು ಅಂದರೆ ನಮ್ಮ ಕೆಲಸದಲ್ಲಿ ಯಾರು ಯಾರಿಗೆ ಕಾಯುತ್ತಾರೆ ಎಂದು ಕಂಡುಹಿಡಿದು, ಆ ಕಾಯುವಿಕೆಯನ್ನು ಕಡಿಮೆ ಮಾಡುವುದು.

ನನ್ನ ಅಕ್ಕನ ಮಗಳು ಎಂಟನೇ ಕ್ಲಾಸು. ಅವಳ ಕೆಲಸಗಳ ಪಟ್ಟಿ ಹೀಗಿತ್ತು: ಶಾಲೆಯ ಪಾಠ, ಪೈಥಾನ್ ಕಲಿಯುವುದು, ಚಿತ್ರ ಬಿಡಿಸುವುದು, ಭರತನಾಟ್ಯದ ವಿಡಿಯೊ ಕತ್ತರಿಸಿ ಜೋಡಿಸುವುದು, ಭಾನುವಾರ ಒಂದಿಷ್ಟು ಆಟ. ಪಟ್ಟಿ ಓದಿ ಮುಗಿಸಿದವಳು "ಮಾಮ, ಎಲ್ಲದರಲ್ಲೂ ತುಂಬಾ ಫಾಸ್ಟ್ ಇರೋದನ್ನೇ ತಗೊಂಡ್ರೆ ಮುಗೀತಲ್ವಾ?" ಎಂದು ಕೇಳಿದಳು. ಈ ಬರಹ ಅವಳಿಗೆ ಕೊಟ್ಟ ಉತ್ತರ. ನಿಮಗೂ ಇದೇ ಪ್ರಶ್ನೆ ಬಂದಿರಬಹುದು.

ಮೊದಲು, ಹೀಗೆ ಬಿಡಿಬಿಡಿಯಾಗಿ ಕೊಂಡು ಜೋಡಿಸಲು ನಮಗೆ ಸಾಧ್ಯವಾದದ್ದೇ ಹೇಗೆ? 1981ರ ಆಗಸ್ಟ್ 12ರಂದು ಅಮೆರಿಕದ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಫ್ಲಾರಿಡಾದ ಬೋಕಾ ರಟೋನ್ ಎಂಬ ಊರಿನಲ್ಲಿ ಡಾನ್ ಎಸ್ಟ್ರಿಜ್ ಅವರ ಚಿಕ್ಕ ತಂಡ ಅದನ್ನು ಸುಮಾರು ಒಂದು ವರ್ಷದಲ್ಲಿ ಸಿದ್ಧಮಾಡಬೇಕಿತ್ತು. ಎಲ್ಲವನ್ನೂ ತಾವೇ ತಯಾರಿಸುತ್ತ ಕೂರಲು ಸಮಯವಿಲ್ಲ. ಹಾಗಾಗಿ ಮಾರುಕಟ್ಟೆಯಲ್ಲಿ ಸಿಗುವ ಭಾಗಗಳನ್ನೇ ತಂದು ಜೋಡಿಸಿದರು. ಪ್ರೊಸೆಸರ್ ಇಂಟೆಲ್ ಕಂಪನಿಯದು; ಫ್ಲಾಪಿ ಡ್ರೈವ್ ಭಾರತದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಜುಗಿ ಟಂಡನ್ ಅವರ ಕಂಪನಿಯದು. ಮುಂದೆ ಬೇಕಾದ ಕಾರ್ಡುಗಳನ್ನು ಸಿಕ್ಕಿಸಿಕೊಳ್ಳಲು ಒಳಗೆ ಐದು ಸ್ಲಾಟ್ ಬಿಟ್ಟರು. ಸರ್ಕಿಟ್ ನಕ್ಷೆಗಳನ್ನು ಪುಸ್ತಕ ಮಾಡಿ ಮಾರಾಟಕ್ಕೂ ಇಟ್ಟರು. ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ತಿಳಿದ ಮೇಲೆ, ಅದಕ್ಕೆ ಹೊಂದುವ ಭಾಗಗಳನ್ನು ಬೇರೆ ಬೇರೆ ಕಂಪನಿಗಳು ಮಾಡತೊಡಗಿದವು. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆಯನ್ನು ಪ್ರಕಟಿಸಿತು. ಭಾಗಗಳೆಲ್ಲ ಕೂರುವ ಮದರ್‌ಬೋರ್ಡಿನ ಉದ್ದ 305 ಮಿಲಿಮೀಟರ್, ಅಗಲ 244. ಸ್ಕ್ರೂ ತೂತುಗಳು ಇಂತಿಂಥ ಕಡೆ. ಕರೆಂಟಿನ ಕನೆಕ್ಟರ್ ಇಂಥದ್ದು. ಇವತ್ತು ಒಂದು ಕಂಪನಿಯ ಬೋರ್ಡು ಇನ್ನೊಂದು ಕಂಪನಿಯ ಡಬ್ಬಿಯಲ್ಲಿ ಸ್ಕ್ರೂಗೆ ಸ್ಕ್ರೂ ಹೊಂದಿಕೊಂಡು ಕೂರುವುದು ಇಂಥ ಒಪ್ಪಂದಗಳಿಂದ. ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ.

ಈಗ ಲೆಕ್ಕಗಳನ್ನೆಲ್ಲ ಮಾಡುವ ಪ್ರೊಸೆಸರ್‌ಗೆ ಬರೋಣ. ಇದರೊಳಗೆ ಒಂದು ಗಡಿಯಾರ ಸದಾ ಬಡಿಯುತ್ತಿರುತ್ತದೆ. ಒಂದೊಂದು ಬಡಿತಕ್ಕೂ ಪ್ರೊಸೆಸರ್ ಒಂದು ಹೆಜ್ಜೆ ಮುಂದಕ್ಕೆ. 1981ರ ಆ ಐಬಿಎಂ ಯಂತ್ರದ ಗಡಿಯಾರ ಸೆಕೆಂಡಿಗೆ ಸುಮಾರು 47 ಲಕ್ಷ 70 ಸಾವಿರ ಸಲ ಬಡಿಯುತ್ತಿತ್ತು. ಈಗಿನ ಸಾಧಾರಣ ಪ್ರೊಸೆಸರ್‌ನದು ಸೆಕೆಂಡಿಗೆ ಸುಮಾರು 400 ಕೋಟಿ ಬಡಿತ. ಒಂದು ಬಡಿತದಿಂದ ಇನ್ನೊಂದು ಬಡಿತದೊಳಗೆ ಬೆಳಕು ಕೂಡ ಏಳೂವರೆ ಸೆಂಟಿಮೀಟರ್ ಮಾತ್ರ ಸಾಗುತ್ತದೆ. ನಿಮ್ಮ ಸ್ಕೇಲ್ ತೆಗೆದು ಅಳೆದು ನೋಡಿ, ನಿಮ್ಮ ಅಂಗೈಯಗಲವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಇಷ್ಟು ಚಿಕ್ಕ ಸಮಯವನ್ನು ಮನಸ್ಸಿಗೆ ತಂದುಕೊಳ್ಳುವುದು ಕಷ್ಟ. ಅದಕ್ಕೇ ಒಂದು ಉಪಾಯ ಮಾಡೋಣ. ಪ್ರೊಸೆಸರ್‌ನ ಒಂದು ಬಡಿತವನ್ನು ನಮ್ಮ ಒಂದು ಸೆಕೆಂಡ್ ಎಂದು ಇಟ್ಟುಕೊಳ್ಳೋಣ. ಆ ಲೆಕ್ಕದಲ್ಲಿ ಪ್ರೊಸೆಸರ್, ಕೆಲಸದ ಹೊತ್ತಿನ ಸ್ಮೃತಿಯಾದ ರ‍್ಯಾಮ್‌ನಿಂದ ಒಂದು ಅಂಕಿ ಕೇಳಿದರೆ ಉತ್ತರ ಬರಲು ಸುಮಾರು ಐದು ನಿಮಿಷ ಬೇಕು. ಫೈಲುಗಳನ್ನು ಕೂಡಿಡುವ ಎಸ್‌ಎಸ್‌ಡಿಯಿಂದ ಕೇಳಿದರೆ ನಾಲ್ಕೈದು ದಿನ. ಹಳೆಯ ಕಾಲದ ತಿರುಗುವ ಹಾರ್ಡ್‌ಡಿಸ್ಕ್‌ನಿಂದ ಕೇಳಿದರೆ? ಒಂದೂವರೆ ವರ್ಷ! ಐದನೇ ಕ್ಲಾಸಿನ ಮೊದಲ ದಿನ ಒಂದು ಪ್ರಶ್ನೆ ಕೇಳಿ, ಆರನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಉತ್ತರ ಪಡೆದ ಹಾಗೆ.

ಲೆಕ್ಕ ನೀವೇ ಹಾಕಿ ನೋಡಬಹುದು. ಸಾಮಾನ್ಯ ಹಾರ್ಡ್‌ಡಿಸ್ಕ್‌ನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ ಎಂಟು ಚಿಲ್ಲರೆ ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಕಡ್ಡಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ನಾಲ್ಕು ಮಿಲಿಸೆಕೆಂಡ್. ಕಡ್ಡಿ ಸರಿಯಾದ ಸಾಲಿಗೆ ಸರಿಯಲು ಇನ್ನೊಂದು ಎಂಟು. ಒಟ್ಟು ಹನ್ನೆರಡು ಮಿಲಿಸೆಕೆಂಡ್. ಅಷ್ಟರಲ್ಲಿ ಪ್ರೊಸೆಸರ್‌ನ ಗಡಿಯಾರ 4 ಕೋಟಿ 80 ಲಕ್ಷ ಸಲ ಬಡಿದಿರುತ್ತದೆ. ಅಷ್ಟು ಸೆಕೆಂಡುಗಳನ್ನು ದಿನಗಳಾಗಿ ಮಾಡಿ ನೋಡಿ: 555 ದಿನ!

ಅಕ್ಕನ ಮಗಳು ಕ್ಯಾಲ್ಕುಲೇಟರ್ ಹಿಡಿದು ಇದನ್ನು ಎರಡು ಸಲ ಪರೀಕ್ಷಿಸಿದಳು. ಆಮೇಲೆ ಅವಳೇ ಹೇಳಿದಳು, "ಹಾಗಾದ್ರೆ ಪ್ರೊಸೆಸರ್ ಎಷ್ಟು ಫಾಸ್ಟ್ ಇದ್ರೂ ಹಾರ್ಡ್‌ಡಿಸ್ಕ್ ಹಾಕಿದ್ರೆ ಅದು ಕಾಯ್ತಾನೇ ಇರತ್ತೆ." ನಾನು ಹೇಳಬೇಕೆಂದಿದ್ದೂ ಅದನ್ನೇ. ಕಂಪ್ಯೂಟರ್ ಆನ್ ಮಾಡಿದಾಗ, ಹೊಸ ಪ್ರೋಗ್ರಾಂ ತೆರೆದಾಗ ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು ಓದಬೇಕಾಗುತ್ತದೆ. ಪ್ರತಿ ಫೈಲಿಗೂ ಈ ಕಾಯುವಿಕೆ. ಆದ್ದರಿಂದ ವಿಂಡೋಸ್ ಮತ್ತು ಪ್ರೋಗ್ರಾಂಗಳನ್ನು ಎಸ್‌ಎಸ್‌ಡಿಯಲ್ಲೇ ಇಡಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಹಾರ್ಡ್‌ಡಿಸ್ಕ್ ಕೆಟ್ಟದ್ದೆಂದಲ್ಲ. ಮನೆಯ ಹಳೆಯ ಫೋಟೊ, ಮದುವೆ ವಿಡಿಯೊಗಳನ್ನು ಕೂಡಿಡಲು ಕಡಿಮೆ ಬೆಲೆಗೆ ದೊಡ್ಡ ಜಾಗ ಬೇಕಾದಾಗ ಅದು ಈಗಲೂ ಉಪಯೋಗಕ್ಕೆ ಬರುತ್ತದೆ.

ಎಸ್‌ಎಸ್‌ಡಿಯೊಳಗೆ ತಿರುಗುವ ವಸ್ತು ಒಂದೂ ಇಲ್ಲ. ಕೋಟಿಗಟ್ಟಲೆ ಸೂಕ್ಷ್ಮ ಕೋಣೆಗಳಿವೆ. ಪ್ರತಿ ಕೋಣೆಯ ಸುತ್ತ ವಿದ್ಯುತ್ ಹರಿಯದ ಗೋಡೆ. ಒಳಗೆ ಎಲೆಕ್ಟ್ರಾನುಗಳನ್ನು ನುಗ್ಗಿಸಿ ಕೂಡಿಹಾಕಿದರೆ ಕರೆಂಟು ಹೋದ ಮೇಲೂ ಅವು ಅಲ್ಲೇ ಉಳಿಯುತ್ತವೆ. ಒಳಗೆ ಎಷ್ಟು ಎಲೆಕ್ಟ್ರಾನುಗಳಿವೆ ಎನ್ನುವುದರಿಂದ ಬರೆದದ್ದು ಸೊನ್ನೆಯೋ ಒಂದೋ ಎಂದು ತಿಳಿಯುತ್ತದೆ. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಇದಕ್ಕೆ ದಾರಿ ತೋರಿಸಿದರು. ನಿಮ್ಮ ಅಮ್ಮನ ಫೋನಿನಲ್ಲಿರುವ ಫೋಟೊಗಳು ಕುಳಿತಿರುವುದೂ ಇಂಥ ಕೋಣೆಗಳಲ್ಲೇ.

ರ‍್ಯಾಮ್‌ನ ಕಥೆ ಬೇರೆ. ಅಲ್ಲಿ ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಕೆಪಾಸಿಟರ್‌ಗಳಿವೆ. ಅವು ಸೋರುತ್ತವೆ! ಸೋರಿ ಖಾಲಿಯಾಗುವ ಮೊದಲೇ ಓದಿ ಮತ್ತೆ ತುಂಬಬೇಕು, ಅದೂ ಸೆಕೆಂಡಿಗೆ 15ಕ್ಕಿಂತ ಹೆಚ್ಚು ಸಲ. ಕರೆಂಟು ಹೋದರೆ ತುಂಬುವವರಿಲ್ಲ, ಎಲ್ಲ ಮರೆತುಹೋಗುತ್ತದೆ. ಸೇವ್ ಮಾಡದ ಪಾಠ ಕರೆಂಟು ಹೋದಾಗ ಮಾಯವಾಗುವುದು ಇದರಿಂದಲೇ. ಕರೆಂಟು ಪದೇ ಪದೇ ಹೋಗುವ ಊರಿನವರು ಒಂದು ಯುಪಿಎಸ್‌ಗೂ ದುಡ್ಡು ಎತ್ತಿಟ್ಟುಕೊಳ್ಳಬೇಕು.

ನಾವು ಆರಿಸಿದ ಪ್ರೊಸೆಸರ್‌ನ ಹೆಸರು ಎಎಂಡಿ ಕಂಪನಿಯ ರೈಜೆನ್ 5 5600ಜಿ. 2021ರಲ್ಲಿ ಬಂದದ್ದು, ಈಚಿನದೇನಲ್ಲ. ಇದಕ್ಕಿಂತ ಹೊಸದು ಬಂದಿದ್ದರೂ ನಮ್ಮ ಪಟ್ಟಿಯ ಕೆಲಸಗಳಿಗೆ ಇದು ಧಾರಾಳ ಸಾಕು. ಒಳಗೆ ಆರು ಕೋರ್, ಅಂದರೆ ಆರು ಪೂರ್ತಿ ಲೆಕ್ಕ ಮಾಡುವ ಘಟಕಗಳು. ಉಗುರಿಗಿಂತ ಸ್ವಲ್ಪ ದೊಡ್ಡದಾದ ಸಿಲಿಕಾನ್ ತುಂಡಿನ ಮೇಲೆ ಸುಮಾರು 1070 ಕೋಟಿ ಟ್ರಾನ್ಸಿಸ್ಟರ್‌ಗಳು. 1971ರಲ್ಲಿ ಬಂದ ಇಂಟೆಲ್‌ನ ಮೊದಲ ಮೈಕ್ರೊಪ್ರೊಸೆಸರ್ 4004ರಲ್ಲಿ ಇದ್ದದ್ದು 2300!

ಇದನ್ನೇ ಆರಿಸಲು ಕಾರಣ ಹೆಸರಿನ ಕೊನೆಯ ಜಿ ಅಕ್ಷರ. ಚಿತ್ರವನ್ನು ಪರದೆಗೆ ಕಳಿಸುವ ಗ್ರಾಫಿಕ್ಸ್ ಭಾಗ ಈ ಚಿಪ್ಪಿನೊಳಗೇ ಇದೆ. ಸಾಮಾನ್ಯ ಮಾನಿಟರ್‌ನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಗುಣಿಸಿದರೆ 20 ಲಕ್ಷ 73 ಸಾವಿರದ 600. ಸೆಕೆಂಡಿಗೆ 60 ಸಲ ಹೊಸ ಚಿತ್ರ ಬರಬೇಕು. ಅಲ್ಲಿಗೆ ಪ್ರತಿ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕಿಗಳಿಗೆ ಬಣ್ಣ ತೀರ್ಮಾನವಾಗಬೇಕು. ಒಂದು ಚುಕ್ಕಿಯ ಲೆಕ್ಕಕ್ಕೆ ಪಕ್ಕದ ಚುಕ್ಕಿಯ ಉತ್ತರ ಬಹುಮಟ್ಟಿಗೆ ಬೇಕಾಗುವುದಿಲ್ಲ. ಹಾಗಾಗಿ ದೊಡ್ಡ ಬುದ್ಧಿಯ ಆರು ಘಟಕಗಳಿಗಿಂತ, ಸರಳ ಲೆಕ್ಕ ಮಾಡುವ ನೂರಾರು ಪುಟ್ಟ ಘಟಕಗಳು ಒಟ್ಟಿಗೆ ಕುಳಿತರೆ ಈ ಕೆಲಸ ಬೇಗ ಆಗುತ್ತದೆ. ಬೇರೆಯಾಗಿ ಕೊಳ್ಳುವ ಗ್ರಾಫಿಕ್ಸ್ ಕಾರ್ಡಿನಲ್ಲಿ ಇಂಥ ಘಟಕಗಳು ಸಾವಿರಗಟ್ಟಲೆ ಇರುತ್ತವೆ. ದೊಡ್ಡ ಆಟ ಆಡುವವರಿಗೆ, ಮೂರು ಆಯಾಮದ ಚಿತ್ರ ಮಾಡುವವರಿಗೆ ಅದು ಬೇಕೇ ಬೇಕು; ನಮ್ಮ ಪಟ್ಟಿಗೆ ಬೇಡ. ಒಂದು ಎಚ್ಚರಿಕೆ: ಇಂಟೆಲ್ ಪ್ರೊಸೆಸರ್‌ನ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇದ್ದರೆ ಅದರ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ. ಬೆಲೆ ಕಡಿಮೆ ಎಂದು ಅದನ್ನು ತಂದು, ಕಾರ್ಡು ಹಾಕದೆ ಆನ್ ಮಾಡಿದರೆ ಪರದೆ ಕಪ್ಪಾಗೇ ಇರುತ್ತದೆ.

ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಸ್ಮೃತಿ ಇಲ್ಲ. ಅದೂ ರ‍್ಯಾಮ್‌ನಿಂದಲೇ ತೆಗೆದುಕೊಳ್ಳಬೇಕು. ಇಲ್ಲೇ ನಮ್ಮ ಆಯ್ಕೆಯ ಅತಿ ಮುಖ್ಯವಾದ ಮಾತು ಬರುವುದು. ನಮಗೆ 16 ಜಿಬಿ ರ‍್ಯಾಮ್ ಬೇಕು. ಅಂಗಡಿಯಲ್ಲಿ 16 ಜಿಬಿಯ ಒಂದೇ ಪಟ್ಟಿಯೂ ಸಿಗುತ್ತದೆ, 8 ಜಿಬಿಯ ಎರಡು ಪಟ್ಟಿಗಳೂ ಸಿಗುತ್ತವೆ. ಯಾವುದು ಒಳ್ಳೆಯದು? ಡಿಡಿಆರ್4 3200 ಎಂಬ ರ‍್ಯಾಮ್ ಸೆಕೆಂಡಿಗೆ 320 ಕೋಟಿ ಸಲ ಮಾಹಿತಿ ಕಳಿಸುತ್ತದೆ, ಒಂದು ಸಲಕ್ಕೆ 8 ಬೈಟ್. ಗುಣಿಸಿ: ಸೆಕೆಂಡಿಗೆ 2560 ಕೋಟಿ ಬೈಟ್, ಅಂದರೆ 25.6 ಜಿಬಿ. ಪಟ್ಟಿ ಎರಡಿದ್ದರೆ ಪ್ರೊಸೆಸರ್ ಎರಡರಿಂದಲೂ ಒಟ್ಟೊಟ್ಟಿಗೆ ತೆಗೆದುಕೊಳ್ಳಬಲ್ಲದು. ಆಗ 51.2 ಜಿಬಿ. ಜಾಗ ಅಷ್ಟೇ, ದಾರಿ ಎರಡು. ಆಟದಲ್ಲಿ, ವಿಡಿಯೊದಲ್ಲಿ ಇದರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. "ಒಂದೇ ಪಟ್ಟಿ ಹಾಕಿಕೊಳ್ಳಿ, ಮುಂದೆ ಇನ್ನೊಂದು ಹಾಕಿಸಬಹುದು" ಎಂದು ಯಾರಾದರೂ ಹೇಳಿದರೆ, ಇಂಥ ಪ್ರೊಸೆಸರ್‌ಗೆ ನಾನು ಒಪ್ಪುವುದಿಲ್ಲ.

ಪಟ್ಟಿಗಳನ್ನು ಯಾವ ಸ್ಲಾಟಿಗೆ ಹಾಕಬೇಕೆಂದು ಬೋರ್ಡಿನ ಜೊತೆ ಬರುವ ಪುಸ್ತಕದಲ್ಲಿ ಬರೆದಿರುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಸಿಗುವ ಎರಡನೆಯದು ಮತ್ತು ನಾಲ್ಕನೆಯದು.

ಇನ್ನು ಮದರ್‌ಬೋರ್ಡು. ಇದನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿದು ನೋಡಿ. ಪ್ರೊಸೆಸರ್ ಕೂರುವ ಸಾಕೆಟ್‌ನಿಂದ ರ‍್ಯಾಮ್ ಸ್ಲಾಟುಗಳವರೆಗೆ ಕೂದಲೆಳೆಯಂಥ ತಾಮ್ರದ ಗೆರೆಗಳು ಹೋಗಿವೆ. ಕೆಲವು ನೇರವಾಗಿವೆ. ಕೆಲವು ಮಾತ್ರ ಸುಮ್ಮಸುಮ್ಮನೆ ಹಾವಿನಂತೆ ಬಳುಕಿ ಬಳುಕಿ ಹೋಗುತ್ತವೆ. ಜಾಗ ಇದ್ದರೂ ನೇರ ಹೋಗುವುದಿಲ್ಲ ಏಕೆ?

ಅಮೆರಿಕದ ನೌಕಾಪಡೆಯಲ್ಲಿದ್ದ ಗಣಿತಜ್ಞೆ ಗ್ರೇಸ್ ಹಾಪರ್ ತಮ್ಮ ಭಾಷಣಗಳಿಗೆ ಬಂದವರಿಗೆ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕೆ ನ್ಯಾನೊಸೆಕೆಂಡ್ ಎಂದು ಹೆಸರು. ಅಷ್ಟರಲ್ಲಿ ಬೆಳಕು ಅಥವಾ ವಿದ್ಯುತ್ ಸಂಕೇತ ಹೆಚ್ಚೆಂದರೆ ಎಷ್ಟು ದೂರ ಹೋಗಬಹುದು ಎಂದು ತೋರಿಸುವ ತುಂಡು ಅದು. ಬೋರ್ಡಿನ ತಾಮ್ರದ ಗೆರೆಯಲ್ಲಿ ಸಂಕೇತ ಅದರ ಅರ್ಧದಷ್ಟು ವೇಗದಲ್ಲಿ ಹೋಗುತ್ತದೆ. ರ‍್ಯಾಮ್‌ನಿಂದ 64 ಗೆರೆಗಳಲ್ಲಿ 64 ಸಂಕೇತಗಳು ಒಟ್ಟಿಗೆ ಹೊರಡುತ್ತವೆ. ಒಂದು ಗೆರೆ ಚಿಕ್ಕದು, ಇನ್ನೊಂದು ಉದ್ದದ್ದು ಆದರೆ ಒಂದು ಮೊದಲು ತಲುಪಿ, ಇನ್ನೊಂದು ತಡವಾಗಿ ತಲುಪಿ ಲೆಕ್ಕ ಕೆಡುತ್ತದೆ. ಅದಕ್ಕಾಗಿ ಹತ್ತಿರದ ಗೆರೆಗಳನ್ನು ಬೇಕೆಂದೇ ಬಳುಕಿಸಿ ಉದ್ದ ಸರಿಮಾಡಿರುತ್ತಾರೆ. ರ‍್ಯಾಮ್ ಯಾವಾಗಲೂ ಪ್ರೊಸೆಸರ್‌ನ ಪಕ್ಕದಲ್ಲೇ ಇರುವುದೂ ಇದೇ ದೂರದ ಲೆಕ್ಕದಿಂದ.

ಬೋರ್ಡು ಆರಿಸುವಾಗ ಮೊದಲು ಸಾಕೆಟ್ ನೋಡಬೇಕು. ನಮ್ಮ ಪ್ರೊಸೆಸರ್ ಕೂರುವುದು ಎಎಂ4 ಸಾಕೆಟ್‌ನಲ್ಲಿ. ಈ ಪ್ರೊಸೆಸರ್‌ನ ಅಡಿಯಲ್ಲಿ 1331 ಚಿನ್ನ ಲೇಪಿಸಿದ ಸೂಜಿಗಳು. ಒಂದು ಬಾಗಿದರೂ ತೊಂದರೆ. 2022ರಲ್ಲಿ ಬಂದ ಎಎಂ5ರಲ್ಲಿ ಸೂಜಿಗಳು ಬೋರ್ಡಿಗೆ ಹೋಗಿವೆ, ಪ್ರೊಸೆಸರ್‌ನ ಅಡಿ ಸಪಾಟು. ಒಂದರದ್ದು ಇನ್ನೊಂದರಲ್ಲಿ ಕೂರುವುದೇ ಇಲ್ಲ. ರ‍್ಯಾಮ್‌ನಲ್ಲೂ ಹೀಗೆಯೇ. ಡಿಡಿಆರ್4 ಪಟ್ಟಿಗೂ ಡಿಡಿಆರ್5 ಪಟ್ಟಿಗೂ 288 ಹಲ್ಲುಗಳೇ, ಆದರೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ತಪ್ಪು ಪಟ್ಟಿಯನ್ನು ಯಾರೂ ಸಿಕ್ಕಿಸಬಾರದೆಂದೇ ಹಾಗೆ ಮಾಡಿದ್ದಾರೆ. ಮುಂದೆ ನಾಲ್ಕೈದು ವರ್ಷ ಬಿಟ್ಟು ಪ್ರೊಸೆಸರ್ ಬದಲಿಸುವ ಆಸೆ ಇದ್ದು, ಕೈಯಲ್ಲಿ ಹಣವೂ ಇದ್ದರೆ ಹೊಸ ಸಾಕೆಟ್ ಮೇಲು. ಇಲ್ಲದಿದ್ದರೆ ಹಳೆಯದರಲ್ಲಿ ಉಳಿಸಿದ ಹಣವನ್ನು ಒಳ್ಳೆಯ ಮಾನಿಟರ್‌ಗೆ ಹಾಕುವುದು ಜಾಣತನ. ದಿನವೂ ಗಂಟೆಗಟ್ಟಲೆ ನೋಡುವುದು ಅದನ್ನೇ ತಾನೆ!

ಎಸ್‌ಎಸ್‌ಡಿ ಕೊಳ್ಳುವಾಗ ಅಕ್ಕನ ಮಗಳ ಕಣ್ಣು ಒಂದು ಪೆಟ್ಟಿಗೆಯ ಮೇಲೆ ಬಿತ್ತು. ಸೆಕೆಂಡಿಗೆ 7000 ಎಂಬಿ ಓದುತ್ತದೆ ಎಂದು ಅದರ ಮೇಲೆ ಬರೆದಿತ್ತು. ಪಕ್ಕದ್ದರಲ್ಲಿ 3500. "ಇದು ಡಬಲ್ ಮಾಮ!" ಎಂದಳು. ಬರೆದದ್ದು ಸುಳ್ಳಲ್ಲ. ಆದರೆ ನಾವು ಆರಿಸಿದ ಪ್ರೊಸೆಸರ್‌ಗೆ ಇರುವುದು ಪಿಸಿಐ ಎಕ್ಸ್‌ಪ್ರೆಸ್ ಎಂಬ ದಾರಿಯ ಮೂರನೇ ಪೀಳಿಗೆ. ಆ ದಾರಿಯಲ್ಲಿ ಎಷ್ಟೇ ವೇಗದ ಎಸ್‌ಎಸ್‌ಡಿ ಇಟ್ಟರೂ ಸುಮಾರು 3500ಕ್ಕಿಂತ ಹೆಚ್ಚು ಹರಿಯುವುದಿಲ್ಲ. ನಾಲ್ಕನೇ ಪೀಳಿಗೆಯ ಎಸ್‌ಎಸ್‌ಡಿಗೆ ಕೊಟ್ಟ ಹೆಚ್ಚಿನ ದುಡ್ಡು ಈ ಯಂತ್ರದಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಲ್ಲದರಲ್ಲೂ ವೇಗದ್ದನ್ನೇ ಕೊಂಡರೆ ಆಗದೇ ಎಂದು ಕೇಳಿದ್ದಳಲ್ಲ, ಅದಕ್ಕೆ ಇದು ಕಣ್ಣೆದುರಿನ ಉತ್ತರವಾಯಿತು.

ಈಗ ಬಿಸಿಯ ವಿಷಯ. ಇದು ನನಗೆ ಬಹಳ ಪ್ರೀತಿಯ ಭಾಗ. ನಮ್ಮ ಪ್ರೊಸೆಸರ್ 65 ವಾಟ್‌ನದು. ಆದರೆ ಅದು ಕೆಲಸ ಮಾಡುವುದು ಸುಮಾರು 1.2 ವೋಲ್ಟಿನಲ್ಲಿ. 65ನ್ನು 1.2ರಿಂದ ಭಾಗಿಸಿ ನೋಡಿ: ಐವತ್ತು ಆಂಪಿಯರಿಗೂ ಹೆಚ್ಚು! ಮನೆಯಲ್ಲಿ ಗೀಸರ್‌ಗೆ ಹಾಕಿಸುವ ದೊಡ್ಡ ಪ್ಲಗ್ ಪಾಯಿಂಟೇ 16 ಆಂಪಿಯರ್‌ನದು. ವೋಲ್ಟೇಜ್ ತೀರಾ ಕಡಿಮೆ ಇರುವುದರಿಂದ ಈ ದೊಡ್ಡ ಕರೆಂಟು ನಮಗೆ ಅಪಾಯ ಮಾಡುವುದಿಲ್ಲ. ಆದರೆ ಆ 65 ವಾಟ್ ಪೂರ್ತಿ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ, ಅದೂ ಅಂಗೈ ಅಗಲಕ್ಕಿಂತ ಚಿಕ್ಕ ಜಾಗದಿಂದ. ಅದನ್ನು ಹೊರಸಾಗಿಸದಿದ್ದರೆ ಚಿಪ್ಪು 95 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ತನ್ನನ್ನು ತಾನೇ ಕಾಪಾಡಿಕೊಳ್ಳಲು ಗಡಿಯಾರದ ಬಡಿತವನ್ನು ನಿಧಾನ ಮಾಡಿಕೊಳ್ಳುತ್ತದೆ. ಆಗ ಎಲ್ಲರೂ ಪ್ರೊಸೆಸರ್‌ಗಾಗಿ ಕಾಯಬೇಕು.

ಹೊರಸಾಗಿಸುವುದು ಹೀಟ್‌ಸಿಂಕ್ ಎಂಬ ಲೋಹದ ಗಟ್ಟಿ. ಅದನ್ನು ಪ್ರೊಸೆಸರ್‌ನ ಮೇಲೆ ಒತ್ತಿ ಸ್ಕ್ರೂ ಹಾಕುತ್ತಾರೆ. ಎರಡೂ ಲೋಹಗಳ ಮೈ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಟ್ಟ, ಕಣಿವೆ. ಕಣಿವೆಗಳಲ್ಲಿ ಗಾಳಿ ನಿಲ್ಲುತ್ತದೆ. ತಾಮ್ರದಲ್ಲಿ ಶಾಖ ಹರಿಯುವುದಕ್ಕೂ ನಿಂತ ಗಾಳಿಯಲ್ಲಿ ಹರಿಯುವುದಕ್ಕೂ ಸುಮಾರು ಹದಿನೈದು ಸಾವಿರ ಪಟ್ಟು ವ್ಯತ್ಯಾಸ. ಅದಕ್ಕಾಗಿ ನಡುವೆ ಥರ್ಮಲ್ ಪೇಸ್ಟ್ ಎಂಬ ಬೂದು ಬಣ್ಣದ ಲೇಪ ಇರಬೇಕು. ಅದು ಗಾಳಿಯನ್ನು ಓಡಿಸಿ ಕಣಿವೆಗಳನ್ನು ತುಂಬುತ್ತದೆ. ಪೇಸ್ಟು ಗಾಳಿಗಿಂತ ಎಷ್ಟೋ ಮೇಲು, ಆದರೆ ಲೋಹಕ್ಕಿಂತ ಕೀಳು. ಆದ್ದರಿಂದ ಬಟಾಣಿ ಕಾಳಿನಷ್ಟು ಸಾಕು, ದಪ್ಪ ಬಳಿದರೆ ಶಾಖಕ್ಕೆ ಅದೇ ಅಡ್ಡಗೋಡೆ. 5600ಜಿ ಪೆಟ್ಟಿಗೆಯಲ್ಲೇ ಫ್ಯಾನ್ ಸಮೇತ ಹೀಟ್‌ಸಿಂಕ್ ಬರುತ್ತದೆ, ಅದರ ಅಡಿಯಲ್ಲಿ ಪೇಸ್ಟನ್ನೂ ಹಚ್ಚಿರುತ್ತಾರೆ. ಅದನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ.

ಇನ್ನೊಂದು ಮಾತು. ಫ್ಯಾನ್ ಎಷ್ಟೇ ಜೋರಾಗಿ ತಿರುಗಲಿ, ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಮಡಿಕೇರಿಯಲ್ಲಿ ಕೋಣೆ 20 ಡಿಗ್ರಿ ಇದ್ದಾಗ ಸಲೀಸಾಗಿ ನಡೆಯುವ ಯಂತ್ರ, ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿಯಿಂದಲೇ ಲೆಕ್ಕ ಶುರುಮಾಡಬೇಕು. ರಾಯಚೂರು, ಕಲಬುರಗಿ ಕಡೆಯ ಮಕ್ಕಳು ಕ್ಯಾಬಿನೆಟ್, ಅಂದರೆ ಹೊರಗಿನ ಡಬ್ಬಿ, ಆರಿಸುವಾಗ ಮುಂಭಾಗ ಗಾಜಿನಿಂದ ಮುಚ್ಚಿದ್ದನ್ನು ಬಿಟ್ಟು, ಜಾಲರಿ ಇರುವುದನ್ನು ನೋಡಿ. ಮುಂದಿನಿಂದ ತಂಪು ಗಾಳಿ ಒಳಗೆ, ಹಿಂದಿನಿಂದ ಬಿಸಿ ಗಾಳಿ ಹೊರಗೆ. ಬಣ್ಣದ ದೀಪಗಳು ಇದಕ್ಕೆ ಏನೂ ಸಹಾಯ ಮಾಡುವುದಿಲ್ಲ. ಕ್ಯಾಬಿನೆಟ್ ಬಗ್ಗೆ ಇಷ್ಟು ಸಾಕು.

ಅಂಗಡಿಯವರು ಎಸ್‌ಎಂಪಿಎಸ್ ಎನ್ನುವ ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಗೋಡೆಯಿಂದ ಬರುವ 230 ವೋಲ್ಟಿನ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತದೆ. ಚಿಪ್ಪುಗಳಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟಿನ ನೇರ ಕರೆಂಟು. ಎಸ್‌ಎಂಪಿಎಸ್ ಮೊದಲು ಅದನ್ನು ನೇರ ಮಾಡಿ, ಆಮೇಲೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರ್‌ಗೆ ಕೊಟ್ಟು, ಮತ್ತೆ ನೇರ ಮಾಡುತ್ತದೆ. ಹೀಗೆ ವೇಗವಾಗಿ ಕತ್ತರಿಸುವುದರಿಂದಲೇ ಅಷ್ಟು ಚಿಕ್ಕ ಟ್ರಾನ್ಸ್‌ಫಾರ್ಮರ್ ಸಾಕಾಗುವುದು. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ವೋಲ್ಟೇಜ್ ಏರಿದರೆ, ಎಲ್ಲಾದರೂ ಶಾರ್ಟ್ ಆದರೆ ತಟ್ಟನೆ ನಿಲ್ಲಿಸುವ ಏರ್ಪಾಡು ಇರುತ್ತದೆ. ಅಗ್ಗದ್ದರಲ್ಲಿ ಅದು ಇಲ್ಲದೆ, ತಾನು ಕೆಡುವಾಗ ಬೋರ್ಡನ್ನೂ ಕೆಡಿಸಬಹುದು. ಪೆಟ್ಟಿಗೆಯ ಮೇಲೆ 80 ಪ್ಲಸ್ ಎಂಬ ಗುರುತು ಇದೆಯೇ ನೋಡಿ. ಒಳಗೆ ತೆಗೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ ಕನಿಷ್ಠ 80 ಭಾಗವನ್ನಾದರೂ ಮುಂದಕ್ಕೆ ಕೊಡುತ್ತದೆ ಎಂದು ಪರೀಕ್ಷೆಯಾದ ಗುರುತು ಅದು. ನಮ್ಮ ಯಂತ್ರಕ್ಕೆ 450 ವಾಟ್‌ನದು ಹೇರಳವಾಯಿತು. ಇದನ್ನು ಮಾತ್ರ ಎಂದೂ ಬಿಚ್ಚಬೇಡಿ, ಮಕ್ಕಳೇ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಜೋಡಿಸುವ ದಿನ ದೊಡ್ಡವರೊಬ್ಬರು ಜೊತೆಗಿರಲಿ. ಭಾಗಗಳನ್ನು ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ. ಬಟ್ಟೆ ಉಜ್ಜಿ ನಮ್ಮ ಮೈಯಲ್ಲಿ ಸೇರಿದ ಸ್ಥಿರ ವಿದ್ಯುತ್ತು ಅಲ್ಲಿಗೆ ಹರಿದುಹೋಗುತ್ತದೆ. ಅದು ನಮ್ಮ ಬೆರಳಿಗೆ ಚುರ್ ಎಂದು ತಿಳಿಯಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಚಿಪ್ಪಿಗೆ ಪೆಟ್ಟಾಗಲು ಅದಕ್ಕಿಂತ ಬಹಳ ಕಡಿಮೆ ಸಾಕು, ಅದು ನಮಗೆ ಗೊತ್ತೂ ಆಗುವುದಿಲ್ಲ. ಪ್ರೊಸೆಸರ್‌ನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನ ಇದೆ. ಸಾಕೆಟ್‌ನ ಒಂದು ಮೂಲೆಯಲ್ಲೂ ಅಂಥದ್ದೇ ಗುರುತು. ಪಕ್ಕದ ಸನ್ನೆಕಡ್ಡಿಯನ್ನು ಮೇಲೆತ್ತಿ, ತ್ರಿಕೋನಕ್ಕೆ ತ್ರಿಕೋನ ಹೊಂದಿಸಿ ಇಟ್ಟರೆ 1331 ಸೂಜಿಗಳೂ ತಮ್ಮ ತಮ್ಮ ತೂತಿಗೆ ತಾವೇ ಇಳಿಯುತ್ತವೆ. ಒತ್ತಲೇಬಾರದು. ಅಕ್ಕನ ಮಗಳು ಉಸಿರು ಬಿಗಿಹಿಡಿದು ಇಟ್ಟಳು, ಅದು ತನ್ನ ತೂಕದಿಂದಲೇ ಇಳಿದು ಕೂತಿತು. ರ‍್ಯಾಮ್ ಹಾಗಲ್ಲ, ಕಚ್ಚು ನೋಡಿ ನೇರವಾಗಿ ಹಿಡಿದು ಗಟ್ಟಿಯಾಗಿ ಒತ್ತಬೇಕು, ಟಕ್ ಎಂದು ಕೇಳಿಸುವವರೆಗೆ.

ಹೊಸ ಕಂಪ್ಯೂಟರ್ ಕೊಳ್ಳುವ ಯೋಚನೆ ಇಲ್ಲದವರೂ ಇದನ್ನು ಇವತ್ತೇ ಪರೀಕ್ಷಿಸಬಹುದು. ಶಾಲೆಯಲ್ಲೋ ಮನೆಯಲ್ಲೋ ವಿಂಡೋಸ್ ಇರುವ ಹಳೆಯ ಕಂಪ್ಯೂಟರ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಪುಟಕ್ಕೆ ಹೋಗಿ, ನಿಧಾನ ಎನಿಸುವ ಕೆಲಸವನ್ನೇ ಮಾಡಿಸುತ್ತ ಗೆರೆಗಳನ್ನು ನೋಡಿ. ಡಿಸ್ಕ್‌ನ ಅಂಕಿ 100ಕ್ಕೆ ಅಂಟಿಕೊಂಡು, ಪ್ರೊಸೆಸರ್‌ನದು ಹತ್ತರ ಆಸುಪಾಸಿನಲ್ಲೇ ಇದ್ದರೆ ಎಲ್ಲರೂ ಹಾರ್ಡ್‌ಡಿಸ್ಕ್‌ಗೆ ಕಾಯುತ್ತಿದ್ದಾರೆಂದು ಅರ್ಥ. ಹಳೆಯ ಯಂತ್ರಗಳಿಗೂ ಹೊಂದುವ ಎಸ್‌ಎಸ್‌ಡಿಗಳಿವೆ, ಅದೊಂದನ್ನು ಹಾಕಿಸಿದರೂ ಯಂತ್ರಕ್ಕೆ ಇನ್ನಷ್ಟು ವರ್ಷ ಬಾಳಿಕೆ ಬರುತ್ತದೆ. ಪ್ರೊಸೆಸರ್‌ನ ಗೆರೆಯೇ ಮೇಲೆ ನಿಂತಿದ್ದರೆ ಕಾರಣ ಅದು, ಎಸ್‌ಎಸ್‌ಡಿಗೆ ದುಡ್ಡು ಹಾಕಿ ಪ್ರಯೋಜನವಿಲ್ಲ. ಮೆಮೊರಿಯ ಪುಟದ ಕೆಳಗೆ ಎಷ್ಟು ಸ್ಲಾಟುಗಳಲ್ಲಿ ಎಷ್ಟು ತುಂಬಿವೆ ಎಂದು ಬರೆದಿರುತ್ತದೆ. ಎರಡರಲ್ಲಿ ಒಂದು ಎಂದು ಇದ್ದರೆ ಮನೆಯವರಿಗೆ ತೋರಿಸಿ, ಒಳಗಿರುವ ಪಟ್ಟಿಯ ಜಿಬಿ ಮತ್ತು ವೇಗವನ್ನು ಚೀಟಿಯಲ್ಲಿ ಬರೆದುಕೊಂಡು, ಅಂಥದ್ದೇ ಇನ್ನೊಂದಕ್ಕೆ ಅಂಗಡಿಯಲ್ಲಿ ಬೆಲೆ ವಿಚಾರಿಸಿ ಬನ್ನಿ.